ಆಡುಗುಡ್ಡದ ಒಂಬತ್ತನೇ ಕಂಬ

ಸೈಕಲ್ಲಿಗೂ ನನಗೂ ಯಾವ ಸಂಬಂಧವೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಹಸು ಸಾಕುವವನು. ನಮ್ಮ ಫ್ಲಾಂಡರ್ಸ್ ಸೀಮೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದಕ್ಕೆ ಗುಂಡಿಗೆ ಬೇಕು. ಇಲ್ಲಿ ಪಾದ್ರಿಯೇ ಬಂದು ದೇವರಿಲ್ಲ ಎಂದರೂ ಜನ ಒಂದು ಬಿಯರ್ ಕೊಡಿಸಿ ಸಮಾಧಾನ ಮಾಡುತ್ತಾರೆ. ಸೈಕಲ್ ರೇಸ್ ನೋಡುವುದಿಲ್ಲ ಎಂದವನಿಗೆ ಮಾತ್ರ ಹೆಣ್ಣು ಕೊಡುವುದಿಲ್ಲ. ನನಗೂ ಕೊಡಲಿಲ್ಲ. ಇರಲಿ, ಅದು ಬೇರೆ ಮಾತು.

ಆದರೆ ಹಾಸಿಗೆ ಅಂಗಡಿಯ ಗೆರ್ವಿನ್‌ನ ಕಥೆ ಹೇಳುವ ಅಧಿಕಾರ ಈ ಕ್ವಾದ್‌ಬೇಕೆ ಊರಿನಲ್ಲಿ ನನಗೊಬ್ಬನಿಗೇ ಇರುವುದು. ಯಾಕೆಂದರೆ ಬೇಲಿ ನನ್ನದು.

ನಮ್ಮೂರಿನ ನೆತ್ತಿಯ ಮೇಲೆ ಆಡುಗುಡ್ಡವಿದೆ. ಒಂಬೈನೂರು ಮೀಟರಿನ ಏರು, ಉದ್ದಕ್ಕೂ ಕಲ್ಲುಹಾಸು. ಗುಡ್ಡದ ಬುಡದಲ್ಲಿ ಯೋಸಿಯಾನ್ ನಡೆಸುವ ‘ಮೂರು ಗೂಬೆ’ ಕೆಫೆ. ಕೆಫೆಯ ಕಿಟಕಿಯಿಂದ ನೋಡಿದರೆ ದಾರಿ ಮೇರಿಮಾತೆಯ ಪುಟ್ಟ ಗುಡಿಯವರೆಗೆ ಕಾಣುತ್ತದೆ. ಅಲ್ಲಿಂದ ತಿರುವು. ತಿರುವಿನುದ್ದಕ್ಕೂ ನನ್ನ ಹುಲ್ಲುಗಾವಲಿನ ಗಿಡದ ಬೇಲಿ. ಆಳಿಗಿಂತ ಎತ್ತರ, ಒಳ್ಳೇ ದಟ್ಟ. ಅದರ ನಡುವೆ ತಲೆಯಷ್ಟೇ ಹೊರಗೆ ಕಾಣುವ ಹದಿನಾಲ್ಕು ಕಂಬಗಳು. ಬೇಲಿ ಮುಗಿದಲ್ಲಿ ಒಂದು ಲಿಂಡನ್ ಮರ, ಅಲ್ಲಿ ಸವಾರ ಮತ್ತೆ ಕಿಟಕಿಗೆ ಕಾಣಿಸಿಕೊಳ್ಳುತ್ತಾನೆ. ನಡುವಿನ ನೂರೈವತ್ತು ಮೀಟರಿನಲ್ಲಿ ಏನು ನಡೆಯುತ್ತದೆ ಎನ್ನುವುದು ಯಾರಿಗೂ ಕಾಣದು. ಗುಡ್ಡದ ಕೊಬ್ಬೆಲ್ಲ ಇರುವುದು ಆ ಕಡಿದಾದ ಏರಿನಲ್ಲೇ.

“ಬೇಲಿ ಕತ್ತರಿಸಬೇಡ” ಎನ್ನುವುದು ನನ್ನಪ್ಪ ಸಾಯುವಾಗ ಹೇಳಿದ ಕೊನೆಯ ಮಾತು. ಯಾಕೆ ಎಂದು ಹೇಳಲಿಲ್ಲ. ಸೋಮಾರಿತನ ನಮ್ಮ ವಂಶದಲ್ಲೇ ಇದೆ, ಅದಕ್ಕೇ ಇರಬೇಕು ಎಂದುಕೊಂಡು ನಾನೂ ಆ ಮಾತನ್ನು ಭಕ್ತಿಯಿಂದ ಪಾಲಿಸುತ್ತಾ ಬಂದಿದ್ದೆ.

ಎಲ್ಲ ಶುರುವಾಗಿದ್ದು ಸಿರೀಲ್‌ನ ಎಂಬತ್ತನೇ ಹುಟ್ಟುಹಬ್ಬದ ದಿನ. ಸಿರೀಲ್ ಎಂದರೆ ಗೆರ್ವಿನ್‌ನ ಮಾವ, ಹೆಂಡತಿಯ ತಂದೆ. ಅರುವತ್ತೆರಡನೇ ಇಸವಿಯ ಊರಹಬ್ಬದ ರೇಸ್ ಗೆದ್ದವನು. ಆವತ್ತು ಆಡುಗುಡ್ಡವನ್ನು ಎಂಟು ಸುತ್ತು ಹತ್ತಿ, ಒಂದು ಸಲವೂ ಕಾಲು ನೆಲಕ್ಕೆ ಮುಟ್ಟಿಸಲಿಲ್ಲವಂತೆ. ಅದಾದ ಮೇಲೆ ಅವನು ಬೇರೇನೂ ಗೆಲ್ಲಲಿಲ್ಲ, ಗೆಲ್ಲುವ ಅಗತ್ಯವೂ ಬೀಳಲಿಲ್ಲ. ಇವತ್ತಿಗೂ ಅವನು ಕೆಫೆಯೊಳಗೆ ಕಾಲಿಟ್ಟರೆ ಜನ ಅರ್ಧ ಎದ್ದು ಕೂರುತ್ತಾರೆ.

ಅಂಥವನಿಗೆ ಅಳಿಯನಾಗಿ ಸಿಕ್ಕಿದ್ದು ಹಾಸಿಗೆ ಮಾರುವ ಗೆರ್ವಿನ್. ಮುದುಕ ಅವನನ್ನು ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. “ಹಾಸಿಗೆಯವನು ಬಂದ್ನಾ?” “ಹಾಸಿಗೆಯವನಿಗೆ ಸಾರು ಬಡಿಸು.” ಅಷ್ಟೇ.

ಹುಟ್ಟುಹಬ್ಬಕ್ಕೆ ಪಕ್ಕದ ಹೊಲದವನೆಂದು ನನ್ನನ್ನೂ ಕರೆದಿದ್ದರು. ಒಣ ಪ್ಲಮ್ ಹಾಕಿ ಬೇಯಿಸಿದ ಮೊಲದ ಮಾಂಸ, ಕರಿದ ಆಲೂಗೆಡ್ಡೆ ಉಂಡೆ. ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಮುದುಕ ಮೂಳೆ ಚೀಪುತ್ತಾ ತನ್ನ ಹಳೇ ರಾಗ ತೆಗೆದ.

“ಈಗಿನ ಗಂಡಸರಿಗೆ ಕಾಲು ಇರೋದೇ ಕಾಲುಚೀಲ ಹಾಕ್ಕೊಳ್ಳೋಕೆ. ಆಡುಗುಡ್ಡ ಹತ್ತೋ ಒಬ್ಬನೇ ಒಬ್ಬ ಮಗ ಈ ಊರಲ್ಲಿ ಉಳಿದಿಲ್ಲ.”

“ನಾನು ಹತ್ತುತ್ತೀನಲ್ಲ ಮಾವ” ಎಂದ ಗೆರ್ವಿನ್.

ಯಾಕೆ ಹಾಗೆಂದನೋ ದೇವರಿಗೇ ಗೊತ್ತು. ಆ ಮಾತು ಅವನ ಬಾಯಿಂದ ಆಚೆ ಬಿದ್ದಾಗ ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವನು ಅವನೇ. ಮೇಜಿನ ಸುತ್ತ ಮುಳ್ಳುಚಮಚಗಳೆಲ್ಲ ನಿಂತವು.

“ಯಾವಾಗ?”

“ದಿನಾ. ಸಂಜೆ ಆರು ಗಂಟೆಗೆ.”

“ಕಾಲು ನೆಲಕ್ಕೆ ಮುಟ್ಟಿಸದೆ?”

“ಮುಟ್ಟಿಸದೆ.”

ಅವನ ಹೆಂಡತಿ ಗೋಡ್ಲೀವ್ ಅವನ ಕಿವಿಯ ಹತ್ತಿರ ಬಗ್ಗಿ, “ರೀ, ನಮ್ಮನೇಲಿ ಸೈಕಲ್ಲೇ ಇಲ್ವಲ್ರೀ” ಎಂದು ಪಿಸುಗುಟ್ಟಿದಳು. ಪಕ್ಕದಲ್ಲೇ ಕೂತಿದ್ದ ನನಗೆ ಕೇಳಿಸಿತು.

“ತಗೊಂಡ್ರಾಯ್ತು ಬಿಡೆ” ಎಂದ ಅವನು, ಬೆವರು ಒರೆಸಿಕೊಳ್ಳುತ್ತಾ.

ಮುದುಕ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಮೂಳೆ ತಟ್ಟೆಗಿಟ್ಟು, “ನೋಡೋಣ” ಎಂದ. ಆ ಒಂದು ‘ನೋಡೋಣ’ ಗೆರ್ವಿನ್‌ನ ಎರಡು ವರ್ಷ ನುಂಗಿತು.

ಮೂರನೇ ದಿನ ಸಂಜೆ ಆರಕ್ಕೆ ಅವನು ಬಂದ. ನಾನು ರೋಸಾಳ ಕಿವಿ ತುರಿಸುತ್ತಾ ನಿಂತಿದ್ದೆ. ರೋಸಾ ನನ್ನ ಹಿರೇ ಹಸು. ಆಚೆ ಬದಿಯ ಹುಲ್ಲಿನ ಆಸೆಗೆ ಮೂತಿ ತೂರಿಸಿ ತೂರಿಸಿ ಬೇಲಿಯುದ್ದಕ್ಕೂ ಕಿಂಡಿಗಳನ್ನು ಕೊರೆದಿಟ್ಟಿದ್ದಾಳೆ. ಮೊದಲನೇ ಕಂಬದ ಕಿಂಡಿಯಲ್ಲಿ ಕೆಂಪು ಶರಟು ಕಾಣಿಸಿತು, ಆಮೇಲೆ ಒಂದು ಉಸಿರು ಕೇಳಿಸಿತು. ಅಂಥ ಉಸಿರನ್ನು ನಾನು ಕರು ಹಾಕುವ ಹಸುವಿನಲ್ಲಿ ಮಾತ್ರ ಕೇಳಿದ್ದೆ. ಸೈಕಲ್ ನಿಂತಿತು. ನಿಂತಿತು ಅನ್ನುವುದಕ್ಕಿಂತ ಹಿಂದಕ್ಕೆ ಜಾರಿತು. ಗೆರ್ವಿನ್ ಇಳಿದ, ಇಳಿಯುವ ರಭಸಕ್ಕೆ ಬಿದ್ದ, ಎದ್ದ, ಅತ್ತಿತ್ತ ನೋಡಿದ, ಆಮೇಲೆ ಸೈಕಲ್ಲನ್ನು ತಳ್ಳಿಕೊಂಡು ಹೊರಟ. ಕಿಂಡಿಯಲ್ಲಿ ನಾನೂ ರೋಸಾಳೂ ಕೆನ್ನೆಗೆ ಕೆನ್ನೆ ತಾಗಿಸಿಕೊಂಡು ನೋಡುತ್ತಿದ್ದೆವು.

“ಆಲ್ಬರಿಕಣ್ಣಾ” ಎಂದ ಅವನು, ಬಿಳಿಚಿಕೊಂಡು. “ನೀನು ನನ್ನನ್ನ ನೋಡ್ಲಿಲ್ಲ.”

“ಯಾರನ್ನ?” ಎಂದೆ.

ಅಲ್ಲಿಗೆ ನಮ್ಮ ಒಪ್ಪಂದ ಕುದುರಿತು. ಅವನು ಹದಿನಾಲ್ಕನೇ ಕಂಬದವರೆಗೆ ತಳ್ಳಿ, ಮುಖ ಒರೆಸಿಕೊಂಡು, ಶರಟು ಎಳೆದು ಸರಿಮಾಡಿಕೊಂಡು ಸೈಕಲ್ ಹತ್ತಿದ. ಲಿಂಡನ್ ಮರದ ಹತ್ತಿರ ರಾಜಗಾಂಭೀರ್ಯದಿಂದ ಕಾಣಿಸಿಕೊಂಡು, ಕೆಳಗಿನ ಕಿಟಕಿಯ ಕಡೆಗೆ ಕೈಬೀಸಿದ.

ಇಷ್ಟೇ ಆಗಿದ್ದರೆ ಅವನನ್ನು ಕಳ್ಳ ಎಂದು ಬೈದು ನಾನು ಸುಮ್ಮನಾಗುತ್ತಿದ್ದೆ. ಆದರೆ ಅವನು ಮಾರನೇ ದಿನವೂ ಬಂದ. ಅದರ ಮಾರನೇ ದಿನವೂ ಬಂದ. ಮಳೆಯಲ್ಲಿ ಬಂದ, ಮಂಜಿನಲ್ಲಿ ಬಂದ, ಹಲ್ಲು ಕೀಳಿಸಿಕೊಂಡ ದಿನ ಕೆನ್ನೆಗೆ ಹತ್ತಿ ಇಟ್ಟುಕೊಂಡು ಬಂದ. ಒಂದು ತಿಂಗಳಿಗೆ ಎರಡನೇ ಕಂಬದವರೆಗೆ ಪೆಡಲ್ ತುಳಿದ. ಚಳಿಗಾಲ ಮುಗಿಯುವಷ್ಟರಲ್ಲಿ ನಾಲ್ಕನೇ ಕಂಬ. ಸೀಟಿನಿಂದ ಎದ್ದರೆ ಹಿಂದಿನ ಚಕ್ರ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ, ಕೂತರೆ ಮುಂದಿನ ಚಕ್ರ ಏಳುತ್ತದೆ. ಇವೆರಡರ ಮಧ್ಯೆ ಅಂಡನ್ನು ಎಲ್ಲಿಡಬೇಕು ಎನ್ನುವುದನ್ನು ಕಲಿಯಲು ಅವನಿಗೆ ಒಂದು ವಸಂತ ಬೇಕಾಯಿತು. ಸವಾರರೆಲ್ಲ ಕಾಲಿನ ಕೂದಲು ಬೋಳಿಸುತ್ತಾರೆಂದು ಕೇಳಿ ತಾನೂ ಬೋಳಿಸಿದ. ಬ್ಲೇಡು ಸವೆದದ್ದರಿಂದ ಒಂದು ವಾರ ಒಂದೇ ಕಾಲು ಬೋಳು. ದಿನಾ ಸೋತು, ದಿನಾ ಅದೇ ಜಾಗಕ್ಕೆ ಸೋಲಲು ಬರುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ, ಹಸುವಿನ ಕಿಂಡಿಯಿಂದ.

ಇತ್ತ ಕೆಫೆಯಲ್ಲಿ ಬೇರೆಯೇ ಕಥೆ ಬೇಯುತ್ತಿತ್ತು.

ಯೋಸಿಯಾನ್ ಹತ್ತಿರ ಮೊಟ್ಟೆ ಬೇಯಿಸುವುದಕ್ಕೆ ಗಂಟೆ ಹೊಡೆಯುವ ಒಂದು ಗಡಿಯಾರವಿದೆ. ಅದನ್ನಿಟ್ಟುಕೊಂಡು ಅವಳು ಗೆರ್ವಿನ್ ಗುಡಿಯ ಹತ್ತಿರ ಮರೆಯಾದಾಗಿನಿಂದ ಮರದ ಹತ್ತಿರ ಕಾಣುವವರೆಗೆ ಎಷ್ಟು ಹೊತ್ತಾಯಿತು ಎಂದು ಅಳೆದಳು. ಆರು ನಿಮಿಷ. ಮಾರನೇ ದಿನವೂ ಆರು ನಿಮಿಷ.

“ಆರು ನಿಮಿಷಾನಾ?” ಎಂದ ನೋರ್ಬರ್ಟ್. ಈ ನೋರ್ಬರ್ಟ್ ನಿವೃತ್ತ ಪೋಸ್ಟ್‌ಮಾಸ್ತರ. ಮೂವತ್ತೈದು ವರ್ಷ ಬೇರೆಯವರ ಕಾಗದಗಳನ್ನು ಹೊರಗಡೆಯಿಂದಲೇ ನೋಡಿ ಒಳಗಿನದನ್ನು ಊಹಿಸಿ ಅಭ್ಯಾಸವಾದವನು. “ಆ ತಿರುವನ್ನ ಎಂಥಾ ಮೊದ್ದನೂ ಒಂದು ನಿಮಿಷದಲ್ಲಿ ಹತ್ತುತ್ತಾನೆ. ಆರು ನಿಮಿಷ ಅಲ್ಲೇನು ಮಾಡ್ತಾನೆ?”

“ಬೆಳಗ್ಗೆಯಿಂದ ಅಂಗಡೀಲಿ ನಿಂತಿರ್ತಾನೆ, ಸುಸ್ತಾಗಿ ಕೂರ್ತಾನೇನೋ” ಎಂದೆ ನಾನು, ಬಿಯರ್ ಲೋಟದೊಳಗೆ ಮುಖವಿಟ್ಟುಕೊಂಡು.

“ನೀನು ಸುಮ್ನಿರಯ್ಯ, ನಿನಗೆ ಹಸು ಬಿಟ್ರೆ ಏನು ಗೊತ್ತು?” ನೋರ್ಬರ್ಟ್ ಬಿಯರ್ ಲೋಟದಡಿಯ ರಟ್ಟಿನ ಮೇಲೆ ಲೆಕ್ಕ ಹಾಕಿದ. ಹತ್ತಲು ಒಂದು, ಇಳಿಯಲು ಅರ್ಧ, ಮತ್ತೆ ಹತ್ತಲು ಒಂದೂಕಾಲು... ಅವನ ಪೆನ್ಸಿಲ್ ನಿಂತಿತು. ಅವನ ಕಣ್ಣು ದೊಡ್ಡದಾಯಿತು. “ಯೋಸಿಯಾನ್! ಅವನು ಆ ತಿರುವನ್ನ ಮೂರು ಸಲ ಹತ್ತುತ್ತಾ ಇದಾನೆ ಕಣೇ! ಹತ್ತಿ, ಇಳಿದು, ಹತ್ತಿ, ಇಳಿದು, ಹತ್ತಿ! ಬೇಲಿ ಮರೇಲಿ, ಯಾರಿಗೂ ಕಾಣದ ಹಾಗೆ!”

ಅಷ್ಟರಲ್ಲಿ ಗೆರ್ವಿನ್ ಒಳಗೆ ಬಂದ, ಕೆಂಪಗೆ, ಮಾತು ಹೊರಡದಷ್ಟು ಏದುತ್ತಾ.

“ಗೆರ್ವಿನ್, ನಿಜ ಹೇಳು” ಎಂದ ನೋರ್ಬರ್ಟ್. “ಆ ತಿರುವನ್ನ ನೀನು ಮೂರು ಮೂರು ಸಲ ಹತ್ತುತ್ತೀಯಾ?”

ಗೆರ್ವಿನ್ ನನ್ನನ್ನು ನೋಡಿದ. ನಾನು ಗೋಡೆಯ ಮೇಲಿನ ಗೂಬೆ ನೋಡಿದೆ. ಕೊನೆಗೆ ಅವನು ನೆಲ ನೋಡುತ್ತಾ, “ಅದೇನು ದೊಡ್ಡ ವಿಷಯ ಬಿಡಿ” ಎಂದ.

ಮುಗಿಯಿತು! ಜಂಬ ಕೊಚ್ಚುವವರನ್ನು ನಮ್ಮ ಜನ ನಂಬುವುದಿಲ್ಲ. ನೆಲ ನೋಡಿಕೊಂಡು ಮಾತಾಡುವವನಿಗೆ ಜೀವ ಕೊಡುತ್ತಾರೆ. ಅವನು ‘ಹೌದು, ಮೂರು ಸಲ’ ಎಂದು ಎದೆ ಉಬ್ಬಿಸಿದ್ದರೆ ಅರ್ಧ ಊರು ನಕ್ಕು ಮರೆತುಬಿಡುತ್ತಿತ್ತು. ಆ ಸಂಜೆಯೇ ‘ಗೆರ್ವಿನ್ ಅಭಿಮಾನಿಗಳ ಸಂಘ’ ಹುಟ್ಟಿತು.

ಒಬ್ಬ ಸವಾರನಿಗೆ ಒಂದು ಸಂಘ ನಮ್ಮಲ್ಲಿ ವಾಡಿಕೆ. ಅಧ್ಯಕ್ಷ ನೋರ್ಬರ್ಟ್, ಖಜಾಂಚಿ ಯೋಸಿಯಾನ್, ಉಪಾಧ್ಯಕ್ಷರು ಇಬ್ಬರು, ಯಾಕೆಂದರೆ ಒಬ್ಬರೇ ಆದರೆ ಇನ್ನೊಬ್ಬರಿಗೆ ಬೇಜಾರು. ಕಾರ್ಯದರ್ಶಿ ನಾನು, ಬೇಡವೆಂದೆ, ಅದನ್ನೂ ವಿನಯ ಎಂದುಕೊಂಡರು. ಸದಸ್ಯರಿಗೆ ಹಳದಿ ಟೋಪಿ, ಹಳದಿ ಶಾಲು. ಒಂದು ಬಸ್ಸನ್ನೂ ಗೊತ್ತುಮಾಡಿದರು. ಕೆಫೆಯಿಂದ ಗುಡಿಗೆ ಮುನ್ನೂರು ಮೀಟರ್, ಬಸ್ಸು ಯಾಕೆ ಎಂದು ನಾನು ಕೇಳಿದ್ದಕ್ಕೆ, “ಬಸ್ಸಿಲ್ಲದ ಸಂಘ ಯಾವೂರ ಸಂಘವಯ್ಯಾ?” ಎಂದು ಎಲ್ಲರೂ ನನ್ನ ಮೇಲೆ ಬಿದ್ದರು.

ಗೋಡ್ಲೀವ್ ಒಬ್ಬಳೇ ಕೇಳಬಾರದ ಪ್ರಶ್ನೆ ಕೇಳಿದಳು. “ಆಲ್ಬರಿಕಣ್ಣ, ಗುಡ್ಡ ಮೂರು ಮೂರು ಸಲ ಹತ್ತೋ ಮಹಾರಾಯ ಮನೆ ಮೆಟ್ಟಿಲು ಹತ್ತೋವಾಗ ಅಮ್ಮಾ ಅಪ್ಪಾ ಅಂತಾರಲ್ಲ, ಅದ್ಯಾಕೆ?”

“ಮೂರು ಸಲ ಹತ್ತಿದ್ದಕ್ಕೇ ಇರಬೇಕಮ್ಮ” ಎಂದೆ. ಸುಳ್ಳು ಹೇಳುವುದು ನನಗೂ ರೂಢಿಯಾಗುತ್ತಾ ಬಂದಿತ್ತು.

ಎರಡನೇ ಬೇಸಿಗೆಗೆ ವಿಷಯ ಕೈಮೀರಿತು. ಆಗಸ್ಟಿನ ಊರಹಬ್ಬಕ್ಕೆ ‘ಆಡುಗುಡ್ಡದ ಏರು’ ಎಂಬ ಸ್ಪರ್ಧೆ ಇಡುವುದಾಗಿ ಮೇಯರಮ್ಮ ಘೋಷಿಸಿದರು. ಒಬ್ಬೊಬ್ಬರಾಗಿ ಹತ್ತಬೇಕು, ಕೊನೆಯವನು ಗೆರ್ವಿನ್. ಅವನ ಮೂರು ಏರನ್ನು ಜನರೆಲ್ಲ ಕಣ್ಣಾರೆ ನೋಡಬೇಕಾದ್ದರಿಂದ ಬೇಲಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸತಕ್ಕದ್ದು ಎಂದು ಜೂನ್ ತಿಂಗಳಲ್ಲಿ ನನಗೆ ಕಾಗದ ಬಂತು.

ಆವತ್ತು ಸಂಜೆ ಕಿಂಡಿಯ ಮುಂದೆ ಗೆರ್ವಿನ್ ಕಲ್ಲಿನ ಮೇಲೆ ಕುಸಿದು ಕೂತ. ಆಗ ಅವನು ಏಳನೇ ಕಂಬದವನು.

“ಅಣ್ಣಾ, ಬೇಲಿ ಹೋದ್ರೆ ನಾನು ಹೋದೆ. ಊರವರು ನಕ್ರೆ ನಗಲಿ, ತಡ್ಕೋತೀನಿ. ಮಾವ ನೋಡ್ತಾರೆ. ‘ಹಾಸಿಗೆಯವನು ಕಾಲು ಕೆಳಗಿಟ್ಟ’ ಅಂತಾರೆ. ಸಾಯೋತನಕ ಅಂತಾರೆ.”

“ಅವನಿಗೆ ಎಂಬತ್ತೆರಡಾಗ್ತಾ ಬಂತಲ್ಲೋ, ಇನ್ನೆಷ್ಟು ದಿನ ಅಂದಾನು?”

“ಅವರದಲ್ಲ, ನಾನು ಸಾಯೋತನಕ!”

ನಾನು ಮನೆಗೆ ಬಂದು ಮೇಯರಮ್ಮನಿಗೆ ಉತ್ತರ ಬರೆದೆ: ಬೇಲಿಯಲ್ಲಿ ಹಕ್ಕಿಗಳು ಗೂಡು ಕಟ್ಟಿವೆ, ಮರಿಗಳಿವೆ, ಕತ್ತರಿಸುವುದು ಮಹಾಪಾಪ. ನಾನು ಹಕ್ಕಿಯ ವಿಷಯದಲ್ಲಿ ಇಷ್ಟು ಮರುಗುವವನೆಂದು ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹದಿನೈದು ದಿನದಲ್ಲಿ ಪರಿಶೀಲನೆಗೆ ಒಬ್ಬ ಅಧಿಕಾರಿ ಬಂದ. ಹೆಸರು ಸ್ಟೈನ್, ಐವತ್ತು ದಾಟಿದವನು, ದೊಡ್ಡ ಮೀಸೆ, ಕೊರಳಲ್ಲಿ ದುರ್ಬೀನು, ಕಂಕುಳಲ್ಲಿ ಮಡಚುವ ಕುರ್ಚಿ.

ಬೆಳಗ್ಗೆ ಬಂದವನು ಮಧ್ಯಾಹ್ನವಾದರೂ ಹೋಗಲಿಲ್ಲ. ಐದೂವರೆಯಾಯಿತು.

“ಸಾಹೇಬ್ರೇ, ಕಾಫಿ ಕುಡಿಯೋಣ ಬನ್ನಿ. ಚೀಸು ತಿನ್ನಿ. ನಮ್ಮ ಟ್ರ್ಯಾಕ್ಟರ್ ನೋಡಿ.”

“ಹಕ್ಕಿ ಹೊರಗೆ ಬರೋದೇ ಸಂಜೆ ಆರಕ್ಕೆ” ಎಂದು ಅವನು ಕುರ್ಚಿಯನ್ನು ಏಳನೇ ಕಂಬದ ಕಿಂಡಿಯ ಮುಂದೆ ಹಾಕಿ ಕೂತ.

ಆರಕ್ಕೆ ಸರಿಯಾಗಿ ಹಕ್ಕಿ ಬಂತು. ಕೆಂಪು ಶರಟು, ಏದುಸಿರು, ಕಿರ್ರೆನ್ನುವ ಚೈನು. ಏಳನೇ ಕಂಬದ ಹತ್ತಿರ ಅಲುಗಾಡಿತು, ಹಲ್ಲು ಕಚ್ಚಿತು, ಮುಂದೆ ಹೋಯಿತು! ಎಂಟನೇ ಕಂಬ ಮುಟ್ಟಿ ಆಮೇಲೆ ದೊಪ್ಪನೆ ಬಿತ್ತು. ಬಿದ್ದಲ್ಲೇ ಕೂತು ಮೊಣಕಾಲಿನ ರಕ್ತ ಒರೆಸಿಕೊಂಡಿತು. ಎದ್ದು, ಕೈಯೆತ್ತಿ ಕಂಬದ ತಲೆ ಸವರಿ, “ಎಂಟು” ಎಂದು ತನಗೆ ತಾನೇ ಹೇಳಿಕೊಂಡು ನಕ್ಕಿತು. ಆಮೇಲೆ ಸೈಕಲ್ ತಳ್ಳಿಕೊಂಡು ಹೊರಟುಹೋಯಿತು.

ಸ್ಟೈನ್ ದುರ್ಬೀನು ಇಳಿಸಿದ. ಮೀಸೆ ನೀವಿಕೊಂಡ.

“ಎಷ್ಟು ದಿನದಿಂದ ಹೀಗೆ?”

“ಒಂದು ವರ್ಷ ಒಂಬತ್ತು ತಿಂಗಳು” ಎಂದೆ, ತಲೆ ತಗ್ಗಿಸಿ.

“ದಿನಾ?”

“ದಿನಾ.”

ಅವನು ಪುಸ್ತಕ ತೆಗೆದು ಬರೆಯುತ್ತಾ ಗಟ್ಟಿಯಾಗಿ ಓದಿದ: “ಬೇಲಿಯಲ್ಲಿ ಒಂದು ಅಪರೂಪದ ಜೀವ ವಾಸವಾಗಿದೆ. ಬಹಳ ನಾಚಿಕೆ ಸ್ವಭಾವದ್ದು. ಇನ್ನೂ ಹಾರಲು ಕಲಿಯುತ್ತಿದೆ. ಆಗಸ್ಟ್ ಹದಿನೈದರವರೆಗೆ ಬೇಲಿಯನ್ನು ಯಾರೂ ಮುಟ್ಟಕೂಡದು.” ಮೊಹರು ಒತ್ತಿದ. “ಅದಕ್ಕಿಂತ ಮುಂದಕ್ಕೆ ನನ್ನ ಕೈಲಾಗಲ್ಲ ಯಜಮಾನ್ರೇ. ಆದ್ರೆ ಹಬ್ಬಕ್ಕೆ ನಾನು ಬರ್ತೀನಿ.” ಸರ್ಕಾರದ ಬಗ್ಗೆ ನನಗೆ ಜೀವನದಲ್ಲಿ ಗೌರವ ಹುಟ್ಟಿದ್ದು ಅದೊಂದೇ ಸಲ.

ಆಗಸ್ಟ್ ಒಂದರ ಹೊತ್ತಿಗೆ ಗೆರ್ವಿನ್ ಒಂಬತ್ತನೇ ಕಂಬಕ್ಕೆ ಬಂದಿದ್ದ. ಅಲ್ಲಿಂದ ಒಂದಡಿ ಮುಂದೆ ಹೋಗಲಿಲ್ಲ. ಹದಿನೈದು ದಿನ ಪ್ರಯತ್ನಿಸಿದ. ಹದಿನೈದು ದಿನವೂ ಒಂಬತ್ತನೇ ಕಂಬ ಅವನನ್ನು ಕಾಲರ್ ಹಿಡಿದು ಇಳಿಸಿತು. ಹದಿನಾರಕ್ಕೆ ಪುರಸಭೆಯವರು ಯಂತ್ರ ತಂದು ಬೇಲಿ ಕತ್ತರಿಸಿದರು. ಹದಿನಾಲ್ಕು ಕಂಬಗಳೂ ನಾಚಿಕೆಯಿಲ್ಲದೆ ಎದ್ದು ನಿಂತವು. ಅಪ್ಪನ ಮಾತು ಮೀರಿದೆನಲ್ಲ ಎಂದು ಆವತ್ತು ನನಗೆ ಊಟ ಸೇರಲಿಲ್ಲ.

ಹಬ್ಬದ ಹಿಂದಿನ ದಿನ ಸಿರೀಲ್ ಕೋಲೂರಿಕೊಂಡು ಗುಡ್ಡ ಹತ್ತಿ ಬಂದ. ಕಂಬಗಳನ್ನು ಒಂದೊಂದಾಗಿ ಕೋಲಿನಿಂದ ತಟ್ಟುತ್ತಾ ಹೋಗಿ, ಒಂದರ ಮುಂದೆ ನಿಂತ.

“ನಾಳೆ ನನ್ನ ಕುರ್ಚಿ ಇಲ್ಲಿ ಹಾಕು.”

ಎಣಿಸಿ ನೋಡಿದೆ. ಒಂಬತ್ತು.

“ಮೇಲೆ ಮರದ ನೆರಳಲ್ಲಿ ಹಾಕ್ತೀನಿ ಸಿರೀಲಣ್ಣ, ಅಲ್ಲಿ ಮೇಯರಮ್ಮನೂ ಕೂರ್ತಾರೆ.”

“ಇಲ್ಲೇ ಹಾಕು ಅಂದೆ.”

ಮುದುಕನಿಗೆ ಎಲ್ಲ ಗೊತ್ತಾಗಿದೆ, ಅಳಿಯನ ಮಾನ ಕಳೆಯಲಿಕ್ಕೇ ಈ ಜಾಗ ಹಿಡಿದಿದ್ದಾನೆ ಎಂದು ನನ್ನ ಮೈ ಉರಿದುಹೋಯಿತು. ಕುರ್ಚಿ ಹಾಕದೆ ವಿಧಿಯಿರಲಿಲ್ಲ. ಕಾಲು ಅಲ್ಲಾಡುವ ಕುರ್ಚಿಯನ್ನೇ ಹುಡುಕಿ ಹಾಕಿದೆ.

ಹಬ್ಬದ ದಿನ ಗುಡ್ಡವೆಲ್ಲ ಹಳದಿ ಟೋಪಿ. ಸಂಘದ ಬಸ್ಸು ಮುನ್ನೂರು ಮೀಟರಿನ ಪ್ರಯಾಣ ಮಾಡಿ ಜನರನ್ನಿಳಿಸಿತು; ತಿರುಗಿಸಲು ಜಾಗವಿಲ್ಲದೆ ಅರ್ಧ ಗಂಟೆ ದಾರಿಯನ್ನೆಲ್ಲ ಅಡ್ಡ ಹಾಕಿಕೊಂಡು ನಿಂತಿತು. ಸ್ಟೈನ್ ಮಡಚುವ ಕುರ್ಚಿಯ ಸಮೇತ ಬಂದಿದ್ದ. ಊರಿನ ಹನ್ನೆರಡು ಮಂದಿ ತರುಣರು ಒಬ್ಬರ ಹಿಂದೊಬ್ಬರು ಗುಡ್ಡ ಹತ್ತಿದರು, ಯಾರೂ ಅವರನ್ನು ಸರಿಯಾಗಿ ನೋಡಲಿಲ್ಲ. ಎಲ್ಲರಿಗೂ ಬೇಕಾಗಿದ್ದವನು ಹದಿಮೂರನೆಯವನು.

ಬಂದ. ಗುಡಿ ದಾಟಿ ತಿರುವಿಗೆ ಬಂದ. ಒಂದು, ಎರಡು, ಮೂರು. ನಾನು ಹುಲ್ಲುಗಾವಲಿನ ಒಳಗಡೆಯಿಂದ ಅವನ ಜೊತೆಗೇ ಹೆಜ್ಜೆ ಹಾಕಿದೆ. ಕತ್ತರಿಸಿದ ಬೇಲಿಯ ಮೇಲಿಂದ ಮೊದಲ ಸಲ ಅವನನ್ನು ಪೂರ್ತಿಯಾಗಿ ಕಂಡ ರೋಸಾ ಖುಷಿಗೆ ಬಾಲವೆತ್ತಿ ನನ್ನ ಹಿಂದೆ ಓಡಿದಳು. ಐದು. ಆರು. ಅವನ ಮುಖ ಬೀಟ್‌ರೂಟ್ ಬಣ್ಣಕ್ಕೆ ತಿರುಗಿತು. ಏಳು. ಸೈಕಲ್ ಹಾವಿನಂತೆ ಹರಿಯತೊಡಗಿತು. ಎಂಟು. ಕುರ್ಚಿಯ ಮೇಲೆ ಮುದುಕ ಮುಂದಕ್ಕೆ ಬಾಗಿದ. ಒಂಬತ್ತು.

ನಿಂತಿತು. ನಿಜವಾಗಿ ನಿಂತಿತು, ಚಕ್ರ ತಿರುಗದ ಆ ಒಂದು ಕ್ಷಣವನ್ನು ನಾನು ಕಣ್ಣಾರೆ ಕಂಡೆ. ಪೆಡಲಿನಿಂದ ಬಿಟ್ಟುಕೊಳ್ಳಲು ಅವನ ಬಲಗಾಲಿನ ಹಿಮ್ಮಡಿ ಹೊರಳಿತು. ಅವನು ಮಾವನನ್ನು ನೋಡಿದ. ಮಾವ ಅವನನ್ನು ನೋಡಿದ. ಅಲ್ಲಿಗೆ ಏನಾಯಿತೋ, ಗೆರ್ವಿನ್‌ನ ಗಂಟಲಿಂದ ಹಂದಿ ಕೊಯ್ದಂಥ ಒಂದು ಕೂಗು ಹೊರಟಿತು, ಚಕ್ರ ತಿರುಗಿತು. ಹತ್ತು! ಹನ್ನೊಂದು! ನಾನು ಕಾರ್ಯದರ್ಶಿಯ ಘನತೆ ಮರೆತು ಟೋಪಿ ಗಾಳಿಗೆ ತೂರಿದೆ, ರೋಸಾ ಅದನ್ನು ತುಳಿದಳು. ಹನ್ನೆರಡು, ಹದಿಮೂರು, ಹದಿನಾಲ್ಕು! ಮರದ ಹತ್ತಿರ ಗೆರೆ ದಾಟಿ ಅವನು ಹ್ಯಾಂಡಲ್ ಮೇಲೆ ಕವುಚಿಬಿದ್ದ. ಒಂದು ವರ್ಷ ಹನ್ನೊಂದು ತಿಂಗಳ ಮೇಲೆ, ಕಾಲು ನೆಲಕ್ಕೆ ಮುಟ್ಟಿಸದೆ! ನನಗೆ ಕಣ್ಣಲ್ಲಿ ನೀರು ಬಂತು, ಸ್ಟೈನ್ ಮೀಸೆಯೊಳಗೇ ಅತ್ತ.

ಇಡೀ ಊರು ಒಂದೇ ಕೊರಳಲ್ಲಿ ಕೂಗಿತು: “ಒಂದು!”

ಗೆರ್ವಿನ್ ತಲೆಯೆತ್ತಿದ.

“ಇನ್ನೆರಡು!” ಎಂದು ನೋರ್ಬರ್ಟ್ ಎರಡು ಬೆರಳು ತೋರಿಸಿದ.

“ಮುಗೀತು ನೋರ್ಬರ್ಟಣ್ಣ” ಎಂದ ಗೆರ್ವಿನ್, ಉಸಿರಿನ ಮಧ್ಯೆ ಮಾತು ಹುಡುಕುತ್ತಾ. “ಕೇಳಿ ಎಲ್ಲಾರೂ. ನಾನು ಮೂರು ಸಲ ಯಾವತ್ತೂ ಹತ್ತಿಲ್ಲ. ಒಂದು ಸಲಾನೂ ಹತ್ತಿರ್ಲಿಲ್ಲ. ದಿನಾ ಬೇಲಿ ಮರೇಲಿ ಇಳಿದು ತಳ್ಳಿಕೊಂಡು ಹೋಗ್ತಿದ್ದೆ. ಇವತ್ತೇ ಮೊದಲು.”

ನೋರ್ಬರ್ಟ್ ಎರಡೂ ಕೈ ಎದೆಗಿಟ್ಟುಕೊಂಡ. “ನೋಡಿದ್ರಾ? ಇಷ್ಟು ದೊಡ್ಡವನಾಗಿ ಎಂಥಾ ವಿನಯ!” ಚಪ್ಪಾಳೆ ಗುಡ್ಡ ನಡುಗಿಸಿತು.

“ಅವನು ಹೇಳ್ತಿರೋದು ನಿಜ ಕಣ್ರಯ್ಯಾ!” ಎಂದು ನಾನು ಹುಲ್ಲುಗಾವಲಿನಿಂದ ಕಿರುಚಿದೆ. “ನಾನೇ ಕಣ್ಣಾರೆ ನೋಡಿದೀನಿ, ದಿನಾ!”

“ಹೊಟ್ಟೆಕಿಚ್ಚು ನಿನಗೆ!” ಎಂದು ಯೋಸಿಯಾನ್ ಮೊಟ್ಟೆ ಗಡಿಯಾರವನ್ನು ನನ್ನತ್ತ ಆಡಿಸಿದಳು. “ಸೈಕಲ್ ಮುಟ್ಟದೋನು ನೀನೇನೋ ಹೇಳೋದು?”

ಗೆರ್ವಿನ್ ಒಮ್ಮೆ ಜನರನ್ನು ನೋಡಿದ, ಒಮ್ಮೆ ಇಳಿಜಾರನ್ನು ನೋಡಿದ. ಆಮೇಲೆ ಸೈಕಲ್ ತಿರುಗಿಸಿದ. ಹುಚ್ಚು ಮುಂಡೇದು, ಗುಡಿಯವರೆಗೆ ಇಳಿದು ಮತ್ತೆ ಏರಿಗೆ ಬಂದೇಬಿಟ್ಟ! ಆರನೇ ಕಂಬಕ್ಕೇ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಏಳಕ್ಕೆ ಹಗಲಿನಲ್ಲೇ ನಿದ್ದೆ ಹೋದವನಂತಿದ್ದ. ಎಂಟು. ಒಂಬತ್ತರಲ್ಲಿ ಸೈಕಲ್ ಮತ್ತೆ ನಿಂತಿತು, ಈ ಸಲ ಚಕ್ರ ತಿರುಗಿಸುವ ಶಕ್ತಿ ಅವನಲ್ಲಿರಲಿ, ಇಡೀ ಫ್ಲಾಂಡರ್ಸಿನಲ್ಲಿ ಇರಲಿಲ್ಲ.

ಸಿರೀಲ್ ಕುರ್ಚಿಯಿಂದ ಎದ್ದ. ಕೋಲು ಬಿಸಾಡಿ, ಬೀಳುತ್ತಿದ್ದ ಸೈಕಲ್ಲಿನ ಹ್ಯಾಂಡಲ್ ಹಿಡಿದ.

“ಇಳಿ, ಗೆರ್ವಿನ್” ಎಂದ.

ಗೆರ್ವಿನ್‌ಗೆ ತನ್ನ ಹೆಸರು ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

“ಇಳಿ ಮಗಾ. ಇಲ್ಲಿ ಇಳಿಯೋದ್ರಲ್ಲಿ ಅವಮಾನ ಏನಿಲ್ಲ. ನಾನೂ ದಿನಾ ಇಲ್ಲೇ ಇಳೀತಿದ್ದೆ. ರೇಸಿನ ದಿನ ಜನ ನೋಡ್ತಿದ್ರು, ಅದಕ್ಕೆ ಇಳೀಲಿಲ್ಲ.” ಅಷ್ಟು ಹೇಳಿ, ಕಂಬದ ಈಚೆಗೆ ಬಾಯಿ ತೆರೆದುಕೊಂಡು ನಿಂತಿದ್ದ ನನ್ನ ಕಡೆ ತಿರುಗಿದ. “ಬೇಲಿ ಕತ್ತರಿಸಬೇಡ ಅಂತ ನಿಮ್ಮಪ್ಪನ ಕೈಲಿ ಆಣೆ ಹಾಕಿಸ್ಕೊಂಡಿದ್ದೋನೂ ನಾನೇ. ಪುಣ್ಯಾತ್ಮ, ಕೊನೇತನಕ ಕಾಪಾಡಿದ.”

ಅಲ್ಲಾಡುವ ಕುರ್ಚಿ ಹಾಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಗೆರ್ವಿನ್ ಎಲ್ಲರೆದುರಿಗೇ ಕಾಲು ನೆಲಕ್ಕಿಟ್ಟ. ಒಂದು ಬದಿಯಲ್ಲಿ ಮಾವ, ಇನ್ನೊಂದು ಬದಿಯಲ್ಲಿ ಅಳಿಯ, ನಡುವೆ ಸೈಕಲ್. ಇಬ್ಬರೂ ತಳ್ಳಿಕೊಂಡು ನಿಧಾನವಾಗಿ, ನಿಂತು ನಿಂತು ಗುಡ್ಡ ಹತ್ತಿದರು. ಅವರು ಗೆರೆ ದಾಟಿದಾಗ ನೋರ್ಬರ್ಟ್ ನಡುಗುವ ದನಿಯಲ್ಲಿ “ಎರಡು” ಎಂದ. ಮೂರನೆಯದನ್ನು ಯಾರೂ ಕೇಳಲಿಲ್ಲ.

ಸಂಘದ ದಾಖಲೆ ಪುಸ್ತಕದಲ್ಲಿ ನಾನು ನಡೆದದ್ದನ್ನೆಲ್ಲ ನಡೆದ ಹಾಗೆಯೇ ಬರೆದೆ. ನೋರ್ಬರ್ಟ್ ಅದನ್ನು ಹೊಡೆದುಹಾಕಿ, ‘ಎರಡನೇ ಏರನ್ನು ಹಿರಿಯರ ಮೇಲಿನ ಗೌರವಕ್ಕಾಗಿ ಕಾಲ್ನಡಿಗೆಯಲ್ಲಿ ಪೂರೈಸಲಾಯಿತು’ ಎಂದು ತಿದ್ದಿದ. ತಿದ್ದಿಕೊಳ್ಳಲಿ. ಈಗ ಸಿರೀಲ್ ಕೆಫೆಗೆ ಬಂದರೆ ಮೊದಲು ಕೇಳುವುದು, “ಗೆರ್ವಿನ್ ಬಂದ್ನಾ?” ಅಂತ. ಅದು ಯಾವ ಪುಸ್ತಕದಲ್ಲೂ ಇಲ್ಲ, ಇಡೀ ಊರಿಗೆ ಕೇಳಿಸುತ್ತದೆ.

ಬೇಲಿಯನ್ನು ನಾನು ಮತ್ತೆ ಬೆಳೆಯಲು ಬಿಟ್ಟಿದ್ದೇನೆ. ಕತ್ತರಿಸಬೇಡ ಎಂದು ಅಪ್ಪ ಯಾಕೆ ಹೇಳಿದ್ದ ಎನ್ನುವುದು ಈಗ ಗೊತ್ತಿರುವುದರಿಂದ ಸ್ವಲ್ಪ ಗೊಬ್ಬರವನ್ನೂ ಹಾಕುತ್ತೇನೆ. ಆದರೆ ಬೇಲಿ ಇನ್ನೂ ಸೊಂಟದೆತ್ತರ. ಮೊನ್ನೆ ನೋರ್ಬರ್ಟ್ ಒಂದು ಸೈಕಲ್ ಕೊಂಡ. ಆಡುಗುಡ್ಡವನ್ನು ದಿನಾ ಹತ್ತುತ್ತೇನೆ ಎಂದು ಕೆಫೆಯಲ್ಲಿ ಎಲ್ಲರಿಗೂ ಹೇಳಿಯೂ ಬಿಟ್ಟ. ಪಾಪ, ಮೊದಲನೇ ಕಂಬದಿಂದ ಹದಿನಾಲ್ಕನೇ ಕಂಬದವರೆಗೆ ಬೆನ್ನು ಬಗ್ಗಿಸಿ, ಕುಕ್ಕರಗಾಲಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಾನೆ. ನಾನು ರೋಸಾಳ ಮುಖವನ್ನೂ ಆಚೆ ತಿರುಗಿಸಿ, ನಾನೂ ಆಚೆ ತಿರುಗಿಕೊಳ್ಳುತ್ತೇನೆ.